ಹಿಂದಿನ ಚಕ್ರಗಳ ಹಟ

ಮಂಗಳೂರಿನ ಹಂಪನಕಟ್ಟೆಯ ಯಾವುದಾದರೂ ವಾಣಿಜ್ಯ ಕಟ್ಟಡದ ನೆಲಮಾಳಿಗೆಯಲ್ಲಿ ಒಬ್ಬರು ರಿವರ್ಸ್ ತೆಗೆದು ಕಾರು ನಿಲ್ಲಿಸತೊಡಗಿದರೆ ಸಾಕು, ಹಿಂದಿದ್ದವರ ಹಾರ್ನ್ ಶುರುವಾಗುತ್ತದೆ. ನೇರವಾಗಿ ನುಗ್ಗಿಸಿ ನಿಲ್ಲಿಸಬಾರದೇ ಎಂಬ ಅಸಹನೆ ಅದು. ರೇಖಾಗಣಿತ ಮಾತ್ರ ಹಾರ್ನ್ ಹೊಡೆಯುವವರ ಪರವಾಗಿಲ್ಲ.

ಕಾರು ತಿರುಗುವಾಗ ಮುಂದಿನ ಚಕ್ರಗಳಷ್ಟೇ ಹೊರಳುತ್ತವೆ. ಹಿಂದಿನವು ಹೊರಳಲು ಒಪ್ಪುವುದಿಲ್ಲ. ಆದ್ದರಿಂದ ತಿರುವಿನ ವೃತ್ತದ ಕೇಂದ್ರ, ಹಿಂದಿನ ಅಚ್ಚನ್ನು ಪಕ್ಕಕ್ಕೆ ಉದ್ದವಾಗಿ ಎಳೆದರೆ ಸಿಗುವ ರೇಖೆಯ ಮೇಲೆಯೇ ಇರುತ್ತದೆ. ಮುಂದಿನ ಅಚ್ಚು ದೊಡ್ಡ ವೃತ್ತದಲ್ಲಿ ಸುತ್ತುತ್ತದೆ, ಹಿಂದಿನದು ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಎಷ್ಟು ಒಳಗಿನಿಂದ? ಶಾಲೆಯ ಪೈಥಾಗೊರಸ್ ಪ್ರಮೇಯ ಸಾಕು. ಅಚ್ಚುಗಳ ನಡುವೆ 2.5 ಮೀಟರ್ ಅಂತರವಿರುವ ಸಣ್ಣ ಕಾರಿನ ಹಿಂದಿನ ಅಚ್ಚಿನ ನಡುಭಾಗ 4 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ, ಮುಂದಿನ ಅಚ್ಚಿನ ತ್ರಿಜ್ಯ ಸುಮಾರು 4.7 ಮೀಟರ್. ವ್ಯತ್ಯಾಸ 70 ಸೆಂಟಿಮೀಟರ್! ಮೂತಿ ಸಲೀಸಾಗಿ ಒಳಗೆ ಹೋಯಿತೆಂದು ನಿರಾಳವಾಗುವ ಹೊತ್ತಿಗೆ ಹಿಂದಿನ ಬಾಗಿಲು ಪಕ್ಕದ ಕಾರಿನ ಬಂಪರಿಗೆ ಉಜ್ಜುವುದು ಇದರಿಂದಲೇ.

ಈ ಸ್ಟೀರಿಂಗ್ ವ್ಯವಸ್ಥೆ ಕಾರಿಗಿಂತ ಹಳೆಯದು. ಹಿಂದಿನ ಕಾಲದ ಕುದುರೆ ಗಾಡಿಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ತಿರುಗುತ್ತಿತ್ತು, ಬಿಗಿ ತಿರುವಿನಲ್ಲಿ ಗಾಡಿ ಮಗುಚುವ ಭಯವಿತ್ತು. ರೋಗಿಗಳನ್ನು ನೋಡಲು ಗಾಡಿಯಲ್ಲೇ ಊರೂರು ಸುತ್ತುತ್ತಿದ್ದ ವೈದ್ಯ, ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್, 18ನೇ ಶತಮಾನದಲ್ಲೇ ಮುಂದಿನ ಎರಡೂ ಚಕ್ರಗಳನ್ನು ಬೇರೆ ಬೇರೆಯಾಗಿ ಹೊರಳಿಸುವ ಉಪಾಯ ಕಂಡುಕೊಂಡಿದ್ದ. ಮುಂದೆ ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್‌ಸ್ಪರ್ಗರ್ ಅಂಥದನ್ನೇ ರೂಪಿಸಿದ. 1818ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಲಂಡನ್ನಿನ ಪ್ರಕಾಶಕ ರುಡಾಲ್ಫ್ ಆಕರ್ಮನ್. ಇಂದಿಗೂ ಎಂಜಿನಿಯರಿಂಗ್ ಪಠ್ಯಗಳಲ್ಲಿ ಉಳಿದಿರುವುದು ಆಕರ್ಮನ್‌ನ ಹೆಸರೇ. ಗಾಡಿ ತಯಾರಕನಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪಣಂಬೂರಿನಂಥ ಬಂದರಿನಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್‌ಗಳಲ್ಲಿ ಹೊರಳುವುದು ಹಿಂದಿನ ಚಕ್ರಗಳು. ಮುಂದಿನವು ನೇರವಾಗಿಯೇ ಇರುವುದರಿಂದ ಅದರ ಕವಲುಗಳು ಇಕ್ಕಟ್ಟಿನ ಸಂದಿಗೆ ಗುರಿಯಿಟ್ಟಂತೆ ಹೋಗುತ್ತವೆ. ರಿವರ್ಸ್ ಗೇರಿನಲ್ಲಿರುವ ಕಾರು ಅದೇ ಯಂತ್ರ. ಹೊರಳದ ಚಕ್ರಗಳು ಮೊದಲು ಸಂದಿಯೊಳಗೆ ಸೇರುತ್ತವೆ, ಹೊರಳುವ ಚಕ್ರಗಳು ಅಗಲವಾದ ಓಡುದಾರಿಯಲ್ಲಿದ್ದುಕೊಂಡು ಮೂತಿಯನ್ನು ಬೇಕಾದಂತೆ ಬೀಸಿ ನೇರ ಮಾಡುತ್ತವೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನಿಧಾನವಾಗಿ ಚಲಿಸುವ ಚಕ್ರಗಳ ಜಾಡು ಗೇರನ್ನು ಕೇಳುವುದಿಲ್ಲ. ಒಳಗೆ ಹೋದ ಜಾಡಿನಲ್ಲೇ ಹೊರಗೂ ಬರಬಹುದು. ಮೂತಿ ಮುಂದಾಗಿ ನುಗ್ಗಿಸಿದವರು ಸಮಯ ಉಳಿಸಿಲ್ಲ, ರಿವರ್ಸ್ ಕೆಲಸವನ್ನು ಮುಂದೂಡಿದ್ದಾರೆ ಅಷ್ಟೇ. ಹಿಂದಕ್ಕೆ ಚಲಿಸುವುದು ಇಬ್ಬರಿಗೂ ತಪ್ಪಿದ್ದಲ್ಲ. ಆದರೆ ಒಬ್ಬರು ಈಗಷ್ಟೇ ಕಣ್ಣಾರೆ ಕಂಡ ಖಾಲಿ ಜಾಗಕ್ಕೆ ಹಿಂದಕ್ಕೆ ಹೋಗುತ್ತಾರೆ, ಇನ್ನೊಬ್ಬರು ಸ್ಕೂಟರ್, ರಿಕ್ಷಾ, ಮಕ್ಕಳು ಓಡಾಡುವ ದಾರಿಗೆ. ಅದೂ ಆಟಿ ತಿಂಗಳ ಮಳೆಯಲ್ಲಿ, ವೈಪರ್ ಇಲ್ಲದ ಹಿಂದಿನ ಗಾಜಿನ ಮೂಲಕ. ಎರಡೂ ಬದಿಯಲ್ಲಿ ಎತ್ತರದ ವಾಹನಗಳಿದ್ದರೆ ಕಾರಿನ ಹಿಂಭಾಗ ಪೂರ್ತಿ ದಾರಿಗೆ ಬರುವ ತನಕ ಚಾಲಕನಿಗೆ ಏನೂ ಕಾಣಿಸುವುದಿಲ್ಲ.

ಕಾರಿನ ಮೂತಿ ಪೂರ್ವಕ್ಕೋ ಉತ್ತರಕ್ಕೋ ಇರಬೇಕೆಂದು ವಾಸ್ತು ಹೇಳುವವರು ಸೂಚಿಸುತ್ತಾರೆ, ಓದಿದವರೂ ಕೇಳುತ್ತಾರೆ. ಗೇಟಿನಾಚೆ ಮಕ್ಕಳು ಆಡುವ ಓಣಿಗೆ ದಿನವೂ ಹಿಂದುಮುಂದಾಗಿ ಹೊರಡುವ ಅಪಾಯವನ್ನು ಯಾವ ದಿಕ್ಕೂ ಕಡಿಮೆ ಮಾಡುವುದಿಲ್ಲ. ಈ ನಂಬಿಕೆ ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ.

ಓರೆಯಾಗಿ ಗೆರೆ ಎಳೆದ ಜಾಗಗಳ ಲೆಕ್ಕ ಬೇರೆ. ಅವುಗಳಲ್ಲಿ ಹೆಚ್ಚಿನವು ಮೂತಿ ಮುಂದಾಗಿ ಹೋಗಲೆಂದೇ ರೂಪಿಸಿದವು; ತಿರುವಿನ ಕೋನ ಚಿಕ್ಕದಾದ್ದರಿಂದ ಹಿಂದಿನ ಚಕ್ರ ಕತ್ತರಿಸುವುದೂ ಕಡಿಮೆ. ಫ್ಲ್ಯಾಟುಗಳಲ್ಲಿ ನೆಲ ಅಂತಸ್ತಿನ ಮನೆಯ ಕಿಟಕಿಗೆ ಸೈಲೆನ್ಸರ್ ನೇರವಾಗಿ ಹೊಗೆ ಬಿಡುವಂತಿದ್ದರೂ ಮೂತಿಯನ್ನೇ ಗೋಡೆಯ ಕಡೆ ಮಾಡಬೇಕು. ಹೊರಡುವಾಗ ಒಬ್ಬರು ಕೆಳಗಿಳಿದು ಹಿಂದೆ ನಿಂತು ದಾರಿ ನೋಡಿ ಹೇಳಿದರಾಯಿತು.