ಎತ್ತುವುದು ಆಮೇಲೆ, ಮೊದಲು ಇಳಿಸುವುದನ್ನು ಕಲಿಯಿರಿ

ಕಳೆದ ಚಳಿಗಾಲದಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ನಮ್ಮಲ್ಲಿಗೆ ಬಂದಿದ್ದ. ದುಬೈಯಲ್ಲಿ ಕೆಲಸ. ಊರಲ್ಲಿ ಬುಲೆಟ್ ಓಡಿಸಿ ಕೈ ಪಳಗಿತ್ತು. ನಾಲ್ಕು ಗಾಲಿಯ ಕ್ವಾಡ್ ಬೈಕ್ ಮೇಲೆ ಕೂತ ಕೂಡಲೇ, "ಅಣ್ಣಾ, ಮುಂದಿನ ಗಾಲಿ ಎತ್ತೋದು ಹೇಳಿಕೊಡ್ರಿ" ಅಂದ.

"ಎತ್ತೋದಕ್ಕೆ ನಾನು ಬೇಕಾಗಿಲ್ಲಪ್ಪ, ಈ ಗಾಡಿ ತಾನೇ ಎತ್ತುತ್ತೆ. ನಾನು ಇಳಿಸೋದು ಹೇಳಿಕೊಡ್ತೀನಿ" ಅಂದೆ. ಅವನ ಮುಖ ಸಪ್ಪಗಾಯಿತು. ಆ ಬೆಳಗ್ಗೆ ಪೂರ್ತಿ ಅವನಿಂದ ನಾನು ಮಾಡಿಸಿದ್ದು ಒಂದೇ ಕೆಲಸ. ಎರಡನೇ ಗೇರಿನಲ್ಲಿ ನಿಧಾನವಾಗಿ ಓಡಿಸುವುದು, ಬಲಗಾಲಿನಲ್ಲಿ ಹಿಂದಿನ ಬ್ರೇಕ್ ಮುಟ್ಟುವುದು. ಮತ್ತೆ ಓಡಿಸುವುದು, ಮತ್ತೆ ಮುಟ್ಟುವುದು.

ನಾನು ಕ್ವಾಡ್ ಓಡಿಸುವುದನ್ನು ಕಲಿಸುವುದು ಶಾರ್ಜಾದ ಅಲ್ ಬದಾಯರ್ ಮರಳುಗಾಡಿನಲ್ಲಿ. ದುಬೈಯಿಂದ ಹತ್ತಾ ಎಂಬ ಊರಿಗೆ ಹೋಗುವ ಹೆದ್ದಾರಿಯ ಪಕ್ಕ 'ಬಿಗ್ ರೆಡ್' ಎಂಬ ದೊಡ್ಡ ಕೆಂಪು ಮರಳದಿಬ್ಬ ಇದೆಯಲ್ಲ, ಅದರ ಸುತ್ತಮುತ್ತ. ಇಲ್ಲಿ ಜಾಸ್ತಿ ಓಡುವ ಸ್ಪೋರ್ಟ್ ಕ್ವಾಡ್ ಅಂದರೆ ಯಮಹಾ ರ‍್ಯಾಪ್ಟರ್ 700. 686 ಸಿಸಿಯ ಒಂದೇ ಸಿಲಿಂಡರ್, ತೂಕ ಸುಮಾರು 190 ಕಿಲೋ. ನಮ್ಮ ಕಡೆಯವರಿಗೆ ಗೊತ್ತಾಗುವ ಹಾಗೆ ಹೇಳುವುದಾದರೆ, ತೂಕದಲ್ಲಿ ಇದು ಹೆಚ್ಚುಕಮ್ಮಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದ್ದ ಹಾಗೆ. ಎಂಜಿನ್ ಮಾತ್ರ ಅದರ ಎರಡರಷ್ಟು. ಇನ್ನು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಕ್ಲಾಸಿಕ್‌ನಲ್ಲಿ 1,390 ಮಿಲಿಮೀಟರ್ ಇದ್ದರೆ ಇದರಲ್ಲಿ 1,280. ಉದ್ದ ಕಡಿಮೆ, ಶಕ್ತಿ ಜಾಸ್ತಿ. ಅದಕ್ಕೇ ಮೂತಿ ಅಷ್ಟು ಸುಲಭವಾಗಿ ಮೇಲೇಳುತ್ತದೆ.

ಕಂಪನಿಯ ಕೈಪಿಡಿ ವೀಲಿಂಗ್ ಮಾಡಲೇಬೇಡಿ ಅನ್ನುತ್ತದೆ. ರಸ್ತೆಯಲ್ಲಿ ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಬೆಂಗಳೂರಿನ ರಿಂಗ್ ರೋಡಿನಲ್ಲಿ ಹುಡುಗರು ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ದಾರಿಹೋಕರ ಪ್ರಾಣವೂ ಹೋಗುತ್ತದೆ. ಇಲ್ಲಿ ಯುಎಇಯಲ್ಲಿ ಕ್ವಾಡ್ ಬೈಕನ್ನು ಡಾಂಬರು ರಸ್ತೆಗೆ ಇಳಿಸುವುದೇ ಅಪರಾಧ. ಆದರೆ ಮರಳಿನ ಏರಿನಲ್ಲಿ ಕತೆ ಬೇರೆ. ಅಲ್ಲಿ ನೀವು ಬೇಡ ಅಂದರೂ ಮುಂದಿನ ಗಾಲಿ ಏಳುತ್ತದೆ. ಆಗ ಏನು ಮಾಡಬೇಕು ಅಂತ ಕಾಲಿಗೆ ಗೊತ್ತಿರಬೇಕು. ತಲೆಗೆ ಗೊತ್ತಿದ್ದರೆ ಸಾಲದು, ಅಷ್ಟು ಸಮಯ ಇರುವುದಿಲ್ಲ.

ಎತ್ತಿನಗಾಡಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರೆ ಹಿಂದಕ್ಕೆ ಬಿದ್ದು ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಗಾಡಿ ಹೊಡೆಯುವವನು ಮುಂದೆ ಸರಿದು ಕೂತರೆ ಇಳಿಯುತ್ತದೆ. ಕ್ವಾಡ್‌ನಲ್ಲೂ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಗಾಲಿಗಳ ಅಚ್ಚೇ ನಡುವಿನ ಕೀಲು. ನೀವು ಹಿಂದೆ ಸರಿದಷ್ಟೂ ಮೂತಿ ಹಗುರ. ಗಾಡಿಯ ಮತ್ತು ನಿಮ್ಮ ತೂಕ ಎರಡೂ ಸೇರಿ ಸರಿಯಾಗಿ ಆಕ್ಸಲ್‌ನ ಮೇಲೆ ಬಂದು ನಿಂತ ಕ್ಷಣವೇ ಸಮತೋಲದ ಜಾಗ. ಅದಕ್ಕಿಂತ ಈಚೆ ಇದ್ದರೆ ಎಕ್ಸಿಲರೇಟರ್ ಬಿಟ್ಟಾಗ ಮೂತಿ ಕೆಳಗೆ ಬೀಳುತ್ತದೆ. ಅದನ್ನು ದಾಟಿದರೆ ಎಕ್ಸಿಲರೇಟರ್ ಬಿಟ್ಟರೂ ನಂಬುವ ಹಾಗಿಲ್ಲ. ಗಾಡಿಯ ತೂಕವೇ ಹಿಂದಕ್ಕೆ ಎಳೆಯುತ್ತದೆ.

ಬೈಕ್ ಓಡಿಸಿ ಬಂದವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಗಾಬರಿಯಲ್ಲಿ ಕ್ಲಚ್ ಹಿಡಿಯುತ್ತಾರೆ. ಕ್ಲಚ್ ಹಿಡಿದರೆ ಎಂಜಿನ್ ತಳ್ಳುವುದು ನಿಲ್ಲುತ್ತದೆ ನಿಜ, ಆದರೆ ಮೂತಿಯನ್ನು ಕೆಳಗೆ ತಳ್ಳುವ ಶಕ್ತಿ ಅದಕ್ಕಿಲ್ಲ. ಎಂಜಿನ್ ಹಿಡಿದು ನಿಧಾನ ಮಾಡುತ್ತಿದ್ದ ಅಷ್ಟಿಷ್ಟು ಸಹಾಯವೂ ಹೋಗುತ್ತದೆ. ಇನ್ನು ಕೆಲವರು ಕೈಯ ಮುಂದಿನ ಬ್ರೇಕ್ ಅದುಮುತ್ತಾರೆ. ಗಾಲಿ ಗಾಳಿಯಲ್ಲಿರುವಾಗ ಅದರಿಂದ ಏನೂ ಆಗದು. ಗಾಲಿ ಬಿಗಿಯಾಗಿ ಹಿಡಿದಿರುವಾಗಲೇ ನೆಲ ಮುಟ್ಟಿದರೆ ನೀವು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತೀರಿ.

ಕಾಪಾಡುವುದು ಬಲಗಾಲಿನ ಬ್ರೇಕ್. ಓಡುವ ಬಸ್ಸಿಗೆ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಅದೇ ಲೆಕ್ಕ. ಕೆಳಗೆ ಟೈರ್ ನಿಧಾನವಾಗುತ್ತದೆ, ಮೇಲಿನ ಭಾರ ಮುಂದಕ್ಕೆ ಹೋಗಲು ನೋಡುತ್ತದೆ, ಮೂತಿ ಇಳಿಯುತ್ತದೆ. ಸ್ಪೋರ್ಟ್ ಕ್ವಾಡ್‌ನ ಹಿಂದಿನ ಎರಡೂ ಗಾಲಿಗಳು ಒಂದೇ ಆಕ್ಸಲ್‌ಗೆ ಗಟ್ಟಿಯಾಗಿ ಕೂತಿರುತ್ತವೆ. ಆದ್ದರಿಂದ ಒಂದೇ ಬ್ರೇಕ್ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಗಾಡಿ ನೇರವಾಗಿ ಇಳಿಯುತ್ತದೆ. ಜೋರಾಗಿ ತುಳಿಯಬೇಡಿ. ಮುಟ್ಟಿ ಬಿಡಿ, ಬೇಕಾದರೆ ಮತ್ತೊಮ್ಮೆ ಮುಟ್ಟಿ.

ಇದನ್ನು ನಾನು ಕಲಿತದ್ದು ಬಿದ್ದು. ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ದಿಬ್ಬ ಹತ್ತುವಾಗ ಮೂತಿ ಎದ್ದಿತು. ಬ್ರೇಕ್ ಹುಡುಕಿದೆ. ಕಾಲಿಗೆ ಸಿಗಲಿಲ್ಲ, ಅಂದರೆ ನನ್ನ ಕಾಲು ಫುಟ್‌ರೆಸ್ಟ್ ಮೇಲೆ ಹಿಂದಕ್ಕೆ ಸರಿದಿತ್ತು, ಬ್ರೇಕ್ ಪೆಡಲ್ ಮುಂದೆಲ್ಲೋ ಇತ್ತು. ಮೇಲಿಂದ ಬೀಳುವ ಭಯಕ್ಕೆ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದೆ. ಕ್ವಾಡ್‌ನ ಎಕ್ಸಿಲರೇಟರ್ ಹೆಬ್ಬೆರಳಿನದು. ಮುಷ್ಟಿ ಬಿಗಿಯಾದರೆ ಹೆಬ್ಬೆರಳೂ ಒತ್ತುತ್ತದೆ. ಇಳಿಯಬೇಕಾದ ಗಾಡಿಗೆ ಇನ್ನಷ್ಟು ಶಕ್ತಿ ಕೊಟ್ಟೆ. ಗಾಡಿ ಹಿಂದಕ್ಕೆ ಪಲ್ಟಿಯಾಯಿತು. ಕತ್ತಿನ ಬುಡದ ಕಾಲರ್ ಬೋನ್ ಮುರಿದು ಆರು ವಾರ ಮನೆಯಲ್ಲಿ ಕೂತೆ. ಗಾಡಿ ಎದೆಯ ಮೇಲೆ ಬೀಳದೆ ಪಕ್ಕಕ್ಕೆ ಬಿದ್ದದ್ದು ಪುಣ್ಯ.

ಅದಕ್ಕೇ ಈಗ ಯಾರೇ ಬರಲಿ, ಮೊದಲು ಅವರ ಬೂಟು ನೋಡುತ್ತೇನೆ. ಬೂಟಿನ ದಪ್ಪಕ್ಕೆ ತಕ್ಕ ಹಾಗೆ ಬ್ರೇಕ್ ಪೆಡಲ್‌ನ ಎತ್ತರ ಸರಿ ಮಾಡುತ್ತೇನೆ. ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ, ಬೆರಳುಗಳು ಪೆಡಲ್‌ನ ಮೇಲೆ ತೇಲುವ ಹಾಗೆ ಇರಬೇಕು. ಕಾಲು ನೆಲಕ್ಕೆ ಚಾಚುವ ಅಭ್ಯಾಸ ಇದ್ದರೆ ಅವತ್ತೇ ಬಿಡಿಸುತ್ತೇನೆ. ಕ್ವಾಡ್‌ನ ಹಿಂದಿನ ಗಾಲಿ ನಿಮ್ಮ ಕಾಲಿನ ಹಿಂದೆಯೇ ಬರುತ್ತಿರುತ್ತದೆ. ಚಾಚಿದ ಕಾಲಿನ ಮೇಲೆ ಹತ್ತಿಬಿಡುತ್ತದೆ.

ಅಭ್ಯಾಸಕ್ಕೆ ಗಟ್ಟಿಯಾದ ಸಮತಟ್ಟು ನೆಲ ಬೇಕು. ನಾವು ದಿಬ್ಬಗಳ ನಡುವಿನ ಜಲ್ಲಿಮಣ್ಣಿನ ಬಯಲು ಆರಿಸಿಕೊಳ್ಳುತ್ತೇವೆ. ಎರಡನೇ ಗೇರ್, ಜೋರಾಗಿ ಓಡುವವನ ವೇಗ ಸಾಕು. ಸೀಟಿನ ನಡುವಿಗಿಂತ ಸ್ವಲ್ಪ ಹಿಂದೆ ಕೂತು ತೋಳು ಸಡಿಲ ಬಿಡಿ. ಎಕ್ಸಿಲರೇಟರ್ ಬಿಟ್ಟರೆ ಮುಂದಿನ ಸ್ಪ್ರಿಂಗ್ ಕುಗ್ಗುತ್ತದೆ. ಅದು ಮತ್ತೆ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಹೆಬ್ಬೆರಳು ಒತ್ತಿ. ಹ್ಯಾಂಡಲ್ಲನ್ನು ಜಗ್ಗಬೇಕಿಲ್ಲ. ಗಾಲಿ ಒಂದು ಗೇಣು ಎದ್ದರೆ ಸಾಕು, ಬ್ರೇಕ್ ಮುಟ್ಟಿ ಇಳಿಸಿ. ಎಕ್ಸಿಲರೇಟರ್ ಬಿಟ್ಟರೇ ಇಳಿಯುವಷ್ಟು ಸಣ್ಣ ಎತ್ತರ ಅದು. ಆದರೂ ಪ್ರತಿ ಸಲ ಬ್ರೇಕಿನಿಂದಲೇ ಇಳಿಸಿ. ಎದ್ದ ಕೂಡಲೇ ಕಾಲು ಕೆಲಸ ಮಾಡುವ ನಂಟು ಹೀಗೆ ಬೆಳೆಯಬೇಕು. ನೂರು ಸಲ ಹೀಗೆ ಮಾಡಿದವರಿಗೆ ಮಾತ್ರ ನಾನು ಇನ್ನೂ ಎತ್ತರಕ್ಕೆ ಬಿಡುತ್ತೇನೆ. ಇಳಿಯುವಾಗ ಹ್ಯಾಂಡಲ್ ನೇರವಾಗಿರಲಿ. ತಿರುಗಿದ ಗಾಲಿ ನೆಲ ಮುಟ್ಟಿದರೆ ಗಾಡಿ ಒಂದು ಕಡೆಗೆ ಎಳೆದು ನಿಮ್ಮನ್ನು ಇನ್ನೊಂದು ಕಡೆಗೆ ಎಸೆಯುತ್ತದೆ.

ಗಾಲಿ ಎದ್ದಾಗ ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ನಿಮ್ಮ ಕೈಚಳಕವನ್ನು ದೂರುವ ಮೊದಲು ಟೈರ್ ನೋಡಿ. ಕಾರಿನ ಟೈರಿಗೆ 30 ಪಿಎಸ್‌ಐಗಿಂತ ಜಾಸ್ತಿ ಗಾಳಿ ಇರುತ್ತದೆ. ಕ್ವಾಡ್‌ಗೆ 4 ಅಥವಾ 5 ಸಾಕು. ಇಷ್ಟು ಕಡಿಮೆ ಇರುವಲ್ಲಿ ಅರ್ಧ ಪಿಎಸ್‌ಐ ವ್ಯತ್ಯಾಸವೂ ದೊಡ್ಡದೇ. ಗಾಳಿ ಕಡಿಮೆಯಾದ ಟೈರ್ ಸುತ್ತಳತೆಯಲ್ಲಿ ಚಿಕ್ಕದಾಗುತ್ತದೆ. ಎರಡು ಗಾಲಿಯೂ ಒಂದೇ ಆಕ್ಸಲ್‌ನಲ್ಲಿ ಒಟ್ಟಿಗೆ ತಿರುಗುವುದರಿಂದ ಗಾಡಿ ಆ ಚಿಕ್ಕ ಟೈರಿನ ಕಡೆಗೆ ವಾಲುತ್ತದೆ. ಪೆಟ್ರೋಲ್ ಬಂಕಿನ ಗೇಜ್ ಇದಕ್ಕೆ ಆಗಿಬರುವುದಿಲ್ಲ, ಕಡಿಮೆ ಒತ್ತಡ ಅಳೆಯುವ ಸಣ್ಣ ಗೇಜ್ ಬೇಕು. ನನ್ನ ಜೇಬಿನಲ್ಲಿ ಅದು ಸದಾ ಇರುತ್ತದೆ.

ದಿಬ್ಬದ ಏರಿನಲ್ಲಿ ಇಷ್ಟೆಲ್ಲ ಕಲಿತದ್ದೂ ಸ್ವಲ್ಪ ಬದಲಾಗುತ್ತದೆ. ಏರು 30 ಡಿಗ್ರಿ ಇದ್ದರೆ, ಗಾಲಿ ಏಳುವ ಮೊದಲೇ ಗಾಡಿ 30 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಸಮತೋಲದ ಜಾಗ ಅಷ್ಟು ಹತ್ತಿರ ಬಂದಿರುತ್ತದೆ. ಅಲ್ಲಿ ಸೀಟಿನಿಂದ ಎದ್ದು ಎದೆಯನ್ನು ಟ್ಯಾಂಕ್ ಮೇಲೆ ತನ್ನಿ. ಗಾಲಿ ಎದ್ದರೆ ಮೊದಲು ಹೆಬ್ಬೆರಳು ಸಡಿಲ, ಜೊತೆಗೇ ಬ್ರೇಕನ್ನು ತುಸುವೇ ಮುಟ್ಟುವುದು. ಪೂರ್ತಿ ತುಳಿದರೆ ಏರಿನ ನಡುವೆ ನಿಂತುಬಿಡುತ್ತೀರಿ, ಹಿಂದಕ್ಕೆ ಜಾರುತ್ತೀರಿ. ಮೂತಿ ಇಳಿದ ಮೇಲೆ, ಓಟ ಇನ್ನೂ ಉಳಿದಿರುವಾಗಲೇ ಅಗಲವಾಗಿ ತಿರುಗಿಸಿಕೊಂಡು ಕೆಳಗೆ ಬನ್ನಿ.

ಹೆಲ್ಮೆಟ್, ಬೆನ್ನಿಗೆ ಎದೆಗೆ ಕವಚ, ಕಣಕಾಲು ಮುಚ್ಚುವ ಬೂಟು ಬೇಕೇಬೇಕು. ನಮ್ಮ ಗಾಡಿಗಳಲ್ಲಿ ಮಣಿಕಟ್ಟಿಗೆ ಕಟ್ಟುವ ದಾರವೂ ಇದೆ. ನೀವು ಬಿದ್ದರೆ ಅದು ಕಿತ್ತುಬಂದು ಎಂಜಿನ್ ಆಫ್ ಆಗುತ್ತದೆ. ಹದಿನಾರು ತುಂಬದ ಮಕ್ಕಳನ್ನು ಇಷ್ಟು ದೊಡ್ಡ ಗಾಡಿಯ ಮೇಲೆ ನಾನು ಕೂರಿಸುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಕೂರಿಸುವುದಿಲ್ಲ.

ದಾವಣಗೆರೆ ಹುಡುಗ ನಾಲ್ಕನೇ ಸಲ ಬಂದಾಗ ಅವನ ಜೊತೆ ಒಂದು ಸಣ್ಣ ದಿಬ್ಬ ಹತ್ತಿದೆ. ನಡುವೆ ಎಲ್ಲೋ ಮರಳು ಮೆತ್ತಗಿತ್ತು. ಅವನ ಗಾಡಿಯ ಮೂತಿ ತಟಕ್ಕನೆ ಎದ್ದಿತು, ಅಷ್ಟೇ ಬೇಗ ಇಳಿಯಿತು. ಮೇಲೆ ಬಂದು ಹೆಲ್ಮೆಟ್ ತೆಗೆದ. ಮೈಯೆಲ್ಲ ಬೆವರು.

"ಅಣ್ಣಾ, ನಾ ಏನೂ ಮಾಡ್ಲಿಲ್ಲ. ಕಾಲು ತಾನೇ ಹೋತು ನೋಡ್ರಿ" ಅಂದ.

ಆವತ್ತು ಸಂಜೆ ಬಯಲಿಗೆ ಇಳಿದ ಮೇಲೆ, ಒಂದು ಗೇಣಿನಿಂದ ಒಂದು ಮೊಳಕ್ಕೆ ಏರಲು ಅವನಿಗೆ ಒಪ್ಪಿಗೆ ಕೊಟ್ಟೆ.