ಅಷ್ಟೊಂದು ಡ್ರ್ಯಾಗನ್ ಇದ್ದೂ ವಲೀರಿಯಾ ಹಾಳಾಗಿದ್ದು ಹೇಗೆ?

‘ಹೌಸ್ ಆಫ್ ದಿ ಡ್ರ್ಯಾಗನ್’ ನೋಡಿದವರಿಗೆ ರಾಜ ವಿಸೇರಿಸ್ ನೆನಪಿರುತ್ತಾನೆ. ಮೈಯೆಲ್ಲ ಹುಣ್ಣಾಗಿದ್ದರೂ ಕೋಣೆಯಲ್ಲಿ ಕೂತು ಕಲ್ಲಿನ ಪುಟ್ಟ ಪುಟ್ಟ ಗೋಪುರ ಜೋಡಿಸುತ್ತಿರುತ್ತಾನೆ. ಅದು ಅವನು ಎಂದೂ ನೋಡದ ಊರು, ಪೂರ್ವಿಕರ ವಲೀರಿಯಾ. ಶಿವಮೊಗ್ಗದ ಹಾಸ್ಟೆಲುಗಳಲ್ಲಿ ರಾತ್ರಿಯಿಡೀ ಮೊಬೈಲಿನಲ್ಲಿ ಈ ಸರಣಿ ನೋಡುವ ಹುಡುಗರು ಕೇಳುವ ಪ್ರಶ್ನೆಯೂ ಇದೇ ಊರಿನದು: ಅಷ್ಟೊಂದು ಡ್ರ್ಯಾಗನ್ ಇದ್ದವರು ಹಾಳಾಗಿದ್ದು ಹೇಗೆ?

ಈ ಕಥೆಗೆ ಮೂಲವಾದ, 1996ರಲ್ಲಿ ಶುರುವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಕಾದಂಬರಿಗಳ ಪ್ರಕಾರ ವಲೀರಿಯಾದವರು ಮೊದಲು ಕುರಿ ಕಾಯುತ್ತಿದ್ದವರು. ಹದಿನಾಲ್ಕು ಜ್ವಾಲೆಗಳು ಎಂಬ ಬೆಂಕಿ ಬೆಟ್ಟಗಳಲ್ಲಿ ಅವರಿಗೆ ಡ್ರ್ಯಾಗನ್ ಸಿಕ್ಕಿತು. ಪಕ್ಕದ ಗಿಸ್ ಸಾಮ್ರಾಜ್ಯದ ಜೊತೆ ಐದು ಸಲ ಯುದ್ಧವಾಯಿತು. ಐದನೆಯದರಲ್ಲಿ ಗಿಸ್ ಸುಟ್ಟು ಬೂದಿಯಾಯಿತು. ಮಜಾ ಅಂದ್ರೆ ವಲೀರಿಯಾದಲ್ಲಿ ರಾಜನೇ ಇರಲಿಲ್ಲ. ಜಮೀನಿದ್ದ ಸ್ವತಂತ್ರರಿಗೆಲ್ಲ ಅಧಿಕಾರದಲ್ಲಿ ಪಾಲು ಅಂತ ಲೆಕ್ಕ. ನಿಜವಾದ ಯಜಮಾನಿಕೆ ಮಾತ್ರ ಡ್ರ್ಯಾಗನ್ ಸಾಕಿದ 40 ಮನೆತನಗಳದ್ದು. ಅದೇ ಬೆಟ್ಟಗಳಡಿ ಚಿನ್ನ, ಬೆಳ್ಳಿ ಅಗೆಯಲು ಗುಲಾಮರನ್ನು ಇಳಿಸುತ್ತಿದ್ದರು. ಒಬ್ಬ ಸತ್ತರೆ ಇನ್ನೊಬ್ಬ.

ಆ 40ರಲ್ಲಿ ವಿಸೇರಿಸ್‌ನ ಪೂರ್ವಿಕರಾದ ಟಾರ್ಗೇರಿಯನ್ನರು ಅಂಥಾ ದೊಡ್ಡವರೇನಲ್ಲ. ಅವರ ಮನೆಯ ಹುಡುಗಿ ಡೇನಿಸ್‌ಗೆ ಊರು ಉರಿದುಹೋಗುವ ಕನಸು ಬಿತ್ತು. ಅಪ್ಪ ಮಗಳ ಮಾತು ನಂಬಿ, ಐದು ಡ್ರ್ಯಾಗನ್ ಸಮೇತ ದೂರದ ದ್ವೀಪಕ್ಕೆ ಹೊರಟುಬಿಟ್ಟ. ಉಳಿದವರು ಪುಕ್ಕಲ ಅಂತ ನಕ್ಕರು. ಹನ್ನೆರಡು ವರ್ಷದ ಮೇಲೆ ಹದಿನಾಲ್ಕು ಬೆಟ್ಟಗಳೂ ಸಿಡಿದವು. 500 ಮೈಲಿ ಸುತ್ತಲಿನ ಗುಡ್ಡಗಳು ಒಡೆದವು, ನೆಲ ತುಂಡಾಗಿ ಸಮುದ್ರ ಒಳಗೆ ನುಗ್ಗಿತು. ಆಕಾಶದಲ್ಲಿದ್ದ ಡ್ರ್ಯಾಗನ್‌ಗಳೂ ಸುಟ್ಟುಹೋದವು.

ಕಾರಣಕ್ಕೆ ಕಥೆಯೊಳಗೇ ನಾಲ್ಕಾರು ವಾದಗಳಿವೆ. ಬೆಟ್ಟದ ಬೆಂಕಿಯನ್ನು ಹಿಡಿದಿಟ್ಟಿದ್ದ ಮಂತ್ರವಾದಿಗಳು ಸತ್ತರು ಅನ್ನುವವರಿದ್ದಾರೆ. ಗಣಿಯ ಗುಲಾಮರ ನಡುವೆ ಹುಟ್ಟಿದ ‘ಮುಖವಿಲ್ಲದವರು’ ಎಂಬ ಕೊಲೆಗಾರರ ಮೇಲೂ ಅನುಮಾನವಿದೆ. ಶಾಪ ಅನ್ನುವವರು ಹೇಗೂ ಇದ್ದೇ ಇರ್ತಾರೆ. ನನ್ನ ತಕರಾರು ಬೇರೆ. ಬೆಟ್ಟ ಸಿಡಿದರೆ ಊರು ಹೋಗಬಹುದು, ಇಡೀ ಸಾಮ್ರಾಜ್ಯ ಯಾಕೆ ಹೋಗಬೇಕು? ಯಾಕೆಂದರೆ ಡ್ರ್ಯಾಗನ್, ಮಂತ್ರ, ಗಣಿ, ಅಧಿಕಾರ ಎಲ್ಲವನ್ನೂ ಅದೊಂದೇ ಕಡೆ ಗುಡ್ಡೆ ಹಾಕಿಕೊಂಡಿದ್ದರು.

ನಮ್ಮ ಕಡೆಯದೇ ನೋಡಿ. ಕೆಳದಿ ನಾಯಕರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಸಾಗಿಸಿದರು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ನಾಯಕರ ಆಳ್ವಿಕೆ ಮುಗಿಯಿತು, ಊರು ಮುಗಿಯಲಿಲ್ಲ. ಹೈದರ್ ನಗರವಾಗಿ, ಈಗ ಬರೀ ನಗರ ಅನ್ನಿಸಿಕೊಂಡು ಹೊಸನಗರ ತಾಲ್ಲೂಕಿನಲ್ಲಿದೆ. ಕೋಟೆ ಹತ್ತಿದರೆ ಪಾಚಿ ಹಿಡಿದ ಕಲ್ಲು ಕಾಣುತ್ತದೆ, ಶಿವಪ್ಪ ನಾಯಕನ ಕಂದಾಯದ ‘ಶಿಸ್ತು’ ಇವತ್ತಿಗೂ ಜನರ ಬಾಯಲ್ಲಿದೆ.

ವಲೀರಿಯಾಕ್ಕೆ ಹೋದವರು ಮಾತ್ರ ತಿರುಗಿ ಬಂದದ್ದು ಕಡಿಮೆ. ಆರಿಯನ್ ಎಂಬ ಡ್ರ್ಯಾಗನ್ ಸವಾರ ತಾನೇ ವಲೀರಿಯಾದ ಮೊದಲ ಚಕ್ರವರ್ತಿ ಅಂತ ಸಾರಿಕೊಂಡು, 30,000 ಜನರನ್ನು ಕಟ್ಟಿಕೊಂಡು ಹೋದ. ಪತ್ತೆಯೇ ಇಲ್ಲ. ಬಾಲೇರಿಯನ್ ಎಂಬ ಡ್ರ್ಯಾಗನ್ ಬೆನ್ನೇರಿ ಕಾಣೆಯಾಗಿದ್ದ ಟಾರ್ಗೇರಿಯನ್ ರಾಜಕುಮಾರಿ ಏರಿಯಾ ಹೋದದ್ದೂ ಅಲ್ಲಿಗೇ ಎಂಬ ಊಹೆಯಿದೆ. ಆಕೆ ವಾಪಸ್ ಬಂದಾಗ ಮೈ ಕೆಂಡದಂತೆ ಸುಡುತ್ತಿತ್ತು, ಚರ್ಮದಡಿ ಏನೋ ಹರಿದಾಡುತ್ತಿತ್ತು. ಜ್ವರ ಇಳಿಸಲು ಮಂಜುಗಡ್ಡೆಯ ನೀರಿಗಿಳಿಸಿದಾಗ ಹುಳುಗಳು ಹೊರಬಂದವು, ಹುಡುಗಿ ಸತ್ತಳು. ಬಾಲೇರಿಯನ್ ಅಂದರೆ ಡ್ರ್ಯಾಗನ್‌ಗಳಲ್ಲೇ ದೈತ್ಯ, ಅದರ ಪಕ್ಕೆಯಲ್ಲೂ ಒಂಬತ್ತು ಅಡಿ ಉದ್ದದ ಗಾಯ!

ಇದೇ ಕಥೆಯ ಇನ್ನೊಂದು ಸರಣಿ ‘ಗೇಮ್ ಆಫ್ ಥ್ರೋನ್ಸ್’ನ 2015ರ ಟಿವಿ ಕಂತಿನಲ್ಲಿ ಟಿರಿಯನ್ ಮತ್ತು ಜೋರಾ ಎಂಬ ಪಾತ್ರಗಳು ಪುಟ್ಟ ದೋಣಿಯಲ್ಲಿ ಇದೇ ಹಾಳೂರನ್ನು ದಾಟುತ್ತಾರೆ. ಕಾದಂಬರಿಯಲ್ಲಿ ಟಿರಿಯನ್ ಕಲ್ಲುಮನುಷ್ಯರನ್ನು, ಅಂದರೆ ರೋಗದಿಂದ ಮೈ ಕಲ್ಲಾದವರನ್ನು, ಎದುರಿಸುವುದು ರೋಯ್ನ್ ನದಿಯ ಮೇಲೆ. ಟಿವಿಯವರು ಎರಡನ್ನೂ ಸೇರಿಸಿಬಿಟ್ಟರು. ನೋಡೋಕೇನೋ ಚೆನ್ನಾಗಿದೆ, ಆದರೆ ಯಾರೂ ಹತ್ತಿರ ಸುಳಿಯದ ಜಾಗ ಅನ್ನುವ ಭಯವೇ ಹೋಯಿತು.

ಉಳಿದದ್ದು ಕತ್ತಿಗಳು. ವಲೀರಿಯಾದ ಉಕ್ಕನ್ನು ಹೊಸದಾಗಿ ಮಾಡುವುದು ಈಗ ಯಾರಿಗೂ ಗೊತ್ತಿಲ್ಲ. ಹಳೆಯದನ್ನು ಕಾಯಿಸಿ ಬಡಿಯಬಲ್ಲ ಕಮ್ಮಾರರೇ ಬೆರಳೆಣಿಕೆ. ಅದಕ್ಕೇ ಉತ್ತರದ ದೊರೆ ನೆಡ್ ಸ್ಟಾರ್ಕ್ ಸತ್ತ ಮೇಲೆ ಶತ್ರು ಮನೆತನದ ಟೈವಿನ್ ಲ್ಯಾನಿಸ್ಟರ್ ಅವನ ‘ಐಸ್’ ಕತ್ತಿಯನ್ನೇ ಕರಗಿಸಿ ಎರಡು ಮಾಡಿಸಿಕೊಂಡ.