ಫೋನಿಗೆ ಸಿಗದ ನಾಲ್ಕನೆಯ ಹಾಡು

ಅಟ್ಟದ ಬಿಸ್ಕೆಟ್ ಡಬ್ಬಿಯಲ್ಲಿ ಅಮ್ಮನ ಕ್ಯಾಸೆಟ್‌ಗಳು ಹದಿನೇಳು ಇದ್ದವು. ಹನ್ನೊಂದಕ್ಕೆ ಬೂಸ್ಟು ಹಿಡಿದಿತ್ತು. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಮಳೆಗಾಲ ಅಂದರೆ ಹಾಗೆಯೇ, ಚಪ್ಪಲಿಯಿಂದ ಪುಸ್ತಕದವರೆಗೆ ಯಾವುದನ್ನೂ ಬಿಡುವುದಿಲ್ಲ. ಉಳಿದ ಆರರಲ್ಲಿ ಒಂದರ ಅಂಚಿಗೆ ಸೆಲ್ಲೋಟೇಪ್ ತುಂಡು ಅಂಟಿಸಿತ್ತು. ಹಳಬರಿಗೆ ಅದರ ಅರ್ಥ ಗೊತ್ತು. ಅಂಗಡಿಯಿಂದ ತಂದ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಮಾಡಲು ಆಗದ ಹಾಗೆ ಅಲ್ಲಿ ಒಂದು ತೂತು ಇರುತ್ತದೆ. ಆ ತೂತು ಮುಚ್ಚಿದರೆ ಆಯಿತು, ರೆಕಾರ್ಡ್ ಬಟನ್ ಮತ್ತೆ ಕೆಳಗಿಳಿಯುತ್ತದೆ.

ಅದು ಭಜನೆ ಕ್ಯಾಸೆಟ್. 1980ರ ದಶಕದ ಆರಂಭದಲ್ಲಿ, ಮದುವೆಯಾದ ಹೊಸತರಲ್ಲಿ, ಅಮ್ಮ ಅದರ ಮೇಲೆ ಮಂಗಳೂರು ಆಕಾಶವಾಣಿಯಿಂದ ಸಿನಿಮಾದ ಪ್ರೇಮಗೀತೆಗಳನ್ನು ತುಂಬಿಸಿದ್ದರು. ಈಗ ಹಾಕಿದರೆ ಮೊದಲು ಎರಡು ಸೆಕೆಂಡ್ ತಾಳದ ಸದ್ದು. ಆಮೇಲೆ ಕಟಕ್ ಅಂತ ಒಂದು ಶಬ್ದ. ಆಮೇಲೆ ಪ್ರೇಮ.

ರಿಪೇರಿ ಮಾಡಿಸಿದ ಟೇಪ್ ರೆಕಾರ್ಡರನ್ನು ಕರೆಂಟಿಗೆ ಹಾಕಿ, ಅಕ್ಕನ ಮಗ ಫೋನ್ ಹಿಡಿದು ಕೂತ. ಹಾಡು ಕೇಳಿಸಿಕೊಂಡು ಹೆಸರು ಹೇಳುವ ಆ್ಯಪ್ ಇದೆಯಲ್ಲ, ಅದು. ಹೊರಗೆ ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು, ಅಡುಗೆಮನೆಯಲ್ಲಿ ಮಿಕ್ಸಿ. ಆದರೂ ಮೊದಲ ಎರಡು ಹಾಡುಗಳ ಹೆಸರು ಐದಾರು ಸೆಕೆಂಡಿನಲ್ಲಿ ಬಂತು. ಮೂರನೆಯದಕ್ಕೆ ಮೂರು ಸಲ ಪ್ರಯತ್ನ ಬೇಕಾಯಿತು. ನಾಲ್ಕನೆಯದು, ಐದನೆಯದು ಸಿಗಲೇ ಇಲ್ಲ. ಆರನೆಯದು ಮತ್ತೆ ಥಟ್ಟನೆ ಸಿಕ್ಕಿತು.

"ಇದು ಎಲ್ಲೂ ಇಲ್ಲ ಮಾವ," ಅಂದ ಹುಡುಗ, ನಾಲ್ಕನೆಯದಕ್ಕೆ.

ಅಡುಗೆಮನೆಯಿಂದ ಅಮ್ಮ ಸಿನಿಮಾದ ಹೆಸರನ್ನೂ ಹೇಳಿದರು, ಹಾಡಿನ ಎರಡನೆಯ ಚರಣವನ್ನೂ ಹೇಳಿದರು. ಟೇಪಿನಲ್ಲಿ ಇನ್ನೂ ಕೊಳಲೇ ನಡೆಯುತ್ತಿತ್ತು, ಹಾಡುವವರ ದನಿ ಬಂದಿರಲಿಲ್ಲ.

ಹಾಲು ಕೊಡಲು ಬಂದ ನೆರೆಯವರು, "ಹಳೇ ಹಾಡಿಗೆ ಆತ್ಮ ಇರ್ತದೆ, ಅದು ಮೆಷಿನ್ನಿಗೆ ಸಿಗುವುದಿಲ್ಲ" ಅಂದರು. ಈ ಮಾತನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ, ಪ್ರತಿ ಸಲವೂ ಚಡಪಡಿಸಿದ್ದೇನೆ. ನಾಲ್ಕನೆಯದಕ್ಕೆ ಆತ್ಮ ಇದ್ದರೆ ಆರನೆಯದಕ್ಕೆ ಯಾಕಿಲ್ಲ? ಅದೇ ಕ್ಯಾಸೆಟ್, ಅದೇ ರಾತ್ರಿ, ಅದೇ ರೇಡಿಯೋ. ಆತ್ಮ ಅಂದುಬಿಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಪ್ರಶ್ನೆ ಮುಗಿಯುವುದು ನನಗೆ ಬೇಡ. ಇದರ ಹಿಂದೆ ಅಷ್ಟು ಚಂದದ ಒಂದು ವಿಷಯ ಇದೆ.

ಫೋನ್ ಹಾಡು ಕೇಳುವುದೇ ಇಲ್ಲ. ರಾಗ, ಸಾಹಿತ್ಯ, ದನಿ ಯಾವುದೂ ಅದಕ್ಕೆ ಬೇಡ. ಅದಕ್ಕೆ ಬೇಕಾದ್ದು ಚುಕ್ಕಿಗಳು.

ರಾತ್ರಿ ಪೊಸಡಿಗುಂಪೆ ಗುಡ್ಡದ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಮಂಜಿಲ್ಲದ ದಿನ ಕೆಳಗೆ ಸಾವಿರ ದೀಪ ಕಾಣುತ್ತವೆ. ಮಂಜು ಏರಿದರೆ ಮನೆಗಳ ಸಣ್ಣ ದೀಪಗಳು ಮಾಯವಾಗಿ, ಪೆಟ್ರೋಲ್ ಬಂಕು, ಟವರ್, ಪೇಟೆಯ ದೊಡ್ಡ ದೀಪಗಳಷ್ಟೇ ಉಳಿಯುತ್ತವೆ. ಆದರೂ ಅದು ಮಂಗಳೂರು, ಇದು ಕುಂಬಳೆ ಅಂತ ನೀವು ಹೇಳುತ್ತೀರಿ. ಒಂದೊಂದು ದೀಪದ ಗುರುತು ಸಿಕ್ಕಿ ಅಲ್ಲ, ಯಾವ ದೀಪದಿಂದ ಯಾವ ದೀಪ ಎಷ್ಟು ದೂರ ಅನ್ನುವುದರಿಂದ. ಹಾಡನ್ನು ಗುರುತಿಸುವ ಲೆಕ್ಕವೂ ಇದೇ. ಪ್ರತಿ ಕ್ಷಣದ ಸದ್ದಿನಲ್ಲಿ ಯಾವ ಎತ್ತರದ ಸ್ವರ ಎಷ್ಟು ಜೋರಾಗಿದೆ ಅಂತ ಒಂದು ನಕ್ಷೆ ಮಾಡುತ್ತಾರೆ. ಅದರಲ್ಲಿ ಅಕ್ಕಪಕ್ಕದ ಎಲ್ಲಕ್ಕಿಂತ ಜೋರಾಗಿರುವ ತುದಿಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಮಿಕ್ಸಿ, ಮಳೆ ಎಲ್ಲ ಮಂಜಿನ ಹಾಗೆ. ಸಣ್ಣ ದೀಪಗಳನ್ನು ನುಂಗುತ್ತವೆ, ದೊಡ್ಡ ದೀಪಗಳಲ್ಲಿ ಸುಮಾರಷ್ಟು ಉಳಿದೇ ಉಳಿಯುತ್ತವೆ.

ಇನ್ನು ಈ ಚುಕ್ಕಿಗಳನ್ನು ರಂಗೋಲಿಯ ಚುಕ್ಕಿಗಳ ಹಾಗೆ ಎರಡೆರಡಾಗಿ ಜೋಡಿಸಬೇಕು. ಮೊದಲ ಚುಕ್ಕಿಯ ಸ್ವರ ಎಷ್ಟು, ಎರಡನೆಯದರದ್ದು ಎಷ್ಟು, ನಡುವೆ ಸಮಯ ಎಷ್ಟು. ಮೂರು ಸಂಖ್ಯೆ, ಒಂದು ಚೀಟಿ. ಒಂದು ಹಾಡಿಗೆ ಇಂಥ ಸಾವಿರಾರು ಚೀಟಿ. ಆವ್ರಿ ವಾಂಗ್ ಅನ್ನುವವರು 2003ರಲ್ಲಿ ಪ್ರಬಂಧವಾಗಿ ಬರೆದ ವಿಧಾನ ಇದು. ಅದನ್ನು ಬಳಸಿದ ಸೇವೆ ಅದಕ್ಕೂ ಒಂದು ವರ್ಷ ಮೊದಲೇ ಬ್ರಿಟನ್ನಿನಲ್ಲಿ ಶುರುವಾಗಿತ್ತು. ಆಗ ಆ್ಯಪ್ ಇರಲಿಲ್ಲ. 2580 ನಂಬರಿಗೆ ಫೋನ್ ಮಾಡಿ, ಹಾಡಿನ ಕಡೆಗೆ ಫೋನ್ ಹಿಡಿದರೆ ಎಸ್ಸೆಮ್ಮೆಸ್‌ನಲ್ಲಿ ಹೆಸರು ಬರುತ್ತಿತ್ತು.

ಮೊದಲೇ ಮಾಡಿಟ್ಟ ಮೂಲ ಹಾಡುಗಳ ಚೀಟಿಗಳಿಗೆ ನಿಮ್ಮ ಫೋನಿನ ಚೀಟಿ ಒಂದೆರಡು ಹೊಂದಿದರೆ ಏನೂ ಆಗಲಿಲ್ಲ. ಯಾವ ಹಾಡಿನ ಚೀಟಿಯೂ ಇನ್ನೊಂದು ಹಾಡಿನ ಚೀಟಿಗೆ ಸುಮ್ನೆ ಹೊಂದಿಬಿಡಬಹುದು. ನನಗೆ ತುಂಬ ಇಷ್ಟವಾದ ಭಾಗ ಇಲ್ಲಿದೆ. ಮುಳ್ಳೇರಿಯದಿಂದ ಕುಂಬಳೆಗೆ ಹೋಗುವ ಬಸ್ಸು ಒಂದು ದಿನ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು ಅನ್ನಿ. ಬದಿಯಡ್ಕಕ್ಕೆ ಇಪ್ಪತ್ತು ನಿಮಿಷ ತಡ, ನೀರ್ಚಾಲಿಗೆ ಇಪ್ಪತ್ತು ನಿಮಿಷ ತಡ, ಸೀತಾಂಗೋಳಿಗೂ ಅಷ್ಟೇ. ಎಲ್ಲ ಸ್ಟಾಪಿನಲ್ಲೂ ಒಂದೇ ವ್ಯತ್ಯಾಸ ಬಂದರೆ ಇದು ಅದೇ ಬಸ್ಸು. ಒಂದು ಕಡೆ ಐದು ನಿಮಿಷ, ಇನ್ನೊಂದು ಕಡೆ ಮುಕ್ಕಾಲು ಗಂಟೆ ಅಂತಾದರೆ ಬೇರೆ ಬೇರೆ ಬಸ್ಸುಗಳು. ನೀವು ಹಾಡಿನ ಮಧ್ಯದಲ್ಲಿ ಎಲ್ಲಿಂದಲೋ ಕೇಳಿಸಿದರೂ ನಿಮ್ಮ ಚೀಟಿಗೂ ಮೂಲ ಹಾಡಿನ ಚೀಟಿಗೂ ನಡುವಿನ ಸಮಯದ ವ್ಯತ್ಯಾಸ ಉದ್ದಕ್ಕೂ ಒಂದೇ ಇರುತ್ತದೆ. ಮಿಕ್ಸಿಯ ಸುಳ್ಳು ಚೀಟಿಗಳು ಎಲ್ಲೆಲ್ಲೋ ಚದುರಿಹೋಗುತ್ತವೆ. ನಿಜವಾದವು ಸಾಲಾಗಿ ನಿಲ್ಲುತ್ತವೆ. ಎಷ್ಟು ಸರಳ, ಅಲ್ವಾ?

ಈಗ ನಾಲ್ಕನೆಯ ಹಾಡಿಗೆ ಬನ್ನಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಕ್ಯಾಸೆಟ್ ತಂದ ಫಿಲಿಪ್ಸ್ ಕಂಪನಿ ಹಾಗೆ ನಿಗದಿ ಮಾಡಿತು, ಜಗತ್ತೆಲ್ಲ ಒಪ್ಪಿತು. ಆದರೆ ಮಳೆಗಾಲದ ರಾತ್ರಿ ನಮ್ಮಲ್ಲಿ ಕರೆಂಟೆಲ್ಲಿ? ರೇಡಿಯೋ, ಟೇಪ್ ಎರಡೂ ಇದ್ದ ಅಮ್ಮನ ಟು-ಇನ್-ಒನ್ ದೊಡ್ಡ ಸೆಲ್ಲಿನಲ್ಲಿ ಓಡುತ್ತಿತ್ತು. ಸೆಲ್ಲು ಇಳಿದಂತೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಓಡುವ ಟೇಪಿನ ಮೇಲೆ ಹಾಡು ಒತ್ತೊತ್ತಾಗಿ ಕೂರುತ್ತದೆ. ಅದನ್ನು ಇವತ್ತು ಸರಿಯಾದ ವೇಗದಲ್ಲಿ ಓಡಿಸಿದರೆ ಹಾಡು ಬೇಗ ಬೇಗ ಸಾಗುತ್ತದೆ, ಸ್ವರವೂ ಏರುತ್ತದೆ. 6 ಶೇಕಡಾ ವೇಗ ಹೆಚ್ಚಾದರೆ ಶ್ರುತಿ ಸುಮಾರು ಒಂದು ಮನೆ ಮೇಲೆ ಹೋಗುತ್ತದೆ. ಯಕ್ಷಗಾನದ ಭಾಗವತರ ಮಾತಿನಲ್ಲಿ ಹೇಳುವುದಾದರೆ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡು ಇದ್ದದ್ದು ಬಿಳಿ ಮೂರು ಆಗುತ್ತದೆ. ಚೀಟಿಯ ಮೂರು ಸಂಖ್ಯೆಗಳೂ ತಪ್ಪಿದವು. ಬಸ್ಸಿನ ನಂಬರೂ ಬೇರೆ, ಸ್ಟಾಪಿನಿಂದ ಸ್ಟಾಪಿಗೆ ಹಿಡಿಯುವ ಸಮಯವೂ ಬೇರೆ. ಮಳೆ, ಮಿಕ್ಸಿ ಎಲ್ಲವನ್ನೂ ದಾಟುವ ಈ ಲೆಕ್ಕ ಇಷ್ಟು ಸಣ್ಣ ವೇಗದ ಏರುಪೇರಿಗೆ ಸೋಲುತ್ತದೆ.

ಅಮ್ಮ ಯಾಕೆ ಸೋಲಲಿಲ್ಲ? ನಮ್ಮ ಕಿವಿ ಸ್ವರದ ಸಂಖ್ಯೆಯನ್ನು ಹಿಡಿದುಕೊಳ್ಳುವುದಿಲ್ಲ, ಸ್ವರಸ್ವರಗಳ ಪ್ರಮಾಣವನ್ನು ಹಿಡಿಯುತ್ತದೆ. ಷಡ್ಜ ಸೆಕೆಂಡಿಗೆ 240 ಕಂಪನ ಆದರೆ ಪಂಚಮ 360. ವೇಗ 5 ಶೇಕಡಾ ಏರಿದರೆ ಅವು 252 ಮತ್ತು 378. ಸಂಖ್ಯೆ ಎರಡೂ ಬದಲಾದವು, ಆದರೆ ಒಂದೂವರೆ ಪಟ್ಟು ಒಂದೂವರೆ ಪಟ್ಟಾಗಿಯೇ ಉಳಿಯಿತು. ಗಂಡಸು ಹಾಡಿದರೂ ಹೆಂಗಸು ಹಾಡಿದರೂ ಮಗು ಹಾಡಿದರೂ ಅದೇ ಹಾಡು ಅಂತ ನಮಗೆ ಗೊತ್ತಾಗುವುದು ಇದರಿಂದಲೇ.

ಅಂದರೆ ಹಾಡು ಅಂತ ನಾವು ಕರೆಯುವುದು ಎರಡು ವಸ್ತು. ಒಂದು ಧಾಟಿ, ಇನ್ನೊಂದು ಅಚ್ಚು. ಧಾಟಿ ಯಾರ ಬಾಯಲ್ಲೂ ಇರಬಹುದು. ಅಚ್ಚು ಒಂದು ದಿನ ಒಂದು ಸ್ಟುಡಿಯೋದಲ್ಲಿ ಆದದ್ದು. ಅಮ್ಮನಿಗೆ ಗೊತ್ತಿರುವುದು ಧಾಟಿ, ಆ್ಯಪ್‌ಗೆ ಗೊತ್ತಿರುವುದು ಅಚ್ಚು.

ಧಾಟಿಯನ್ನು ಮತ್ತೆ ಮತ್ತೆ ಬಳಸುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರು ಕಡಿಮೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಯಕ್ಷಗಾನದಲ್ಲಿ ಧಾಟಿಗೆ ಮಟ್ಟು ಅನ್ನುತ್ತಾರೆ. ಒಂದು ಮಟ್ಟು ಇದ್ದರೆ ಅದಕ್ಕೆ ನೂರು ಪದ್ಯ ಹೊಸೆಯಬಹುದು, ಶೃಂಗಾರಕ್ಕೂ ಯುದ್ಧಕ್ಕೂ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಮೊಗ್ರಾಲ್. ಕೇರಳದ ಮುಸ್ಲಿಮರ ಹಾಡಾದ ಮಾಪಿಳ್ಳೆ ಪಾಟ್ಟಿನ ಕವಿಗಳಿಂದ ಇಶಲ್ ಗ್ರಾಮ ಅಂತಲೇ ಹೆಸರಾದ ಊರು. ಇಶಲ್ ಅಂದರೂ ಧಾಟಿಯೇ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ಒಂದು ದೊಡ್ಡ ಪ್ರೇಮಕಾವ್ಯವನ್ನೇ ಇಶಲುಗಳಲ್ಲಿ ಕಟ್ಟಿದರು. ಮುಂದೆ ಗಲ್ಫಿಗೆ ಹೋದ ಗಂಡನಿಗೆ ಹೆಂಡತಿ ಬರೆವ ಪತ್ರವೂ ಹಾಡಾಯಿತು, ಕತ್ತು ಪಾಟ್ಟು ಅಂತ ಕ್ಯಾಸೆಟ್ಟಿನಲ್ಲಿ ಹರಡಿತು. ಮಟ್ಟು, ಇಶಲ್ ಎರಡನ್ನೂ ಒಂದೇ ಬಸ್ಸಿನಲ್ಲಿ ಕೇಳುತ್ತ ಬೆಳೆದ ನಮಗೆ, ಧಾಟಿ ಎರವಲು ತಂದದ್ದನ್ನು ಕಳ್ಳತನ ಅನ್ನುವವರನ್ನು ಕಂಡರೆ ಆಶ್ಚರ್ಯ.

ಅಚ್ಚಿನ ಕತೆ ಬೇರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೋಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮೇಣದ ಮೇಲೆ ಅಚ್ಚು ಹಾಕಿದ. ಒಂದು ಬದಿಗೆ ಸುಮಾರು ಮೂರು ನಿಮಿಷ ಅಷ್ಟೇ. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಿದ್ದು ಆ ತಟ್ಟೆ. ಸಿನಿಮಾ ಹಾಡು ಇವತ್ತಿಗೂ ಮೂರು ನಾಲ್ಕು ನಿಮಿಷದ ಸುತ್ತಲೇ ಇರುವುದರಲ್ಲಿ ಆ ತಟ್ಟೆಯ ಪಾಲು ದೊಡ್ಡದು. ತಟ್ಟೆ ಮಾಡುತ್ತಿದ್ದದ್ದು ಅರಗಿನಿಂದ, ನಮ್ಮ ದೇಶದ ಮರಗಳ ಮೇಲಿನ ಪುಟ್ಟ ಹುಳ ಸುರಿಸುವ ಅರಗು. ಹಾಡು ಮುಗಿದ ತಕ್ಷಣ ಗೋಹರ್ ಜಾನ್ ಇಂಗ್ಲಿಷಿನಲ್ಲಿ ಜೋರಾಗಿ ತನ್ನ ಹೆಸರು ಹೇಳುತ್ತಾರೆ. ಮೇಣದ ಅಚ್ಚು ತಟ್ಟೆಯಾಗಲು ಜರ್ಮನಿಯ ಹ್ಯಾನೋವರಿಗೆ ಹಡಗಿನಲ್ಲಿ ಹೋಗಬೇಕಿತ್ತು. ಅಲ್ಲಿಯವರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಲ್ಲ. ಹಾಡೇ ತನ್ನ ಗುರುತು ಹೇಳಿಕೊಂಡು ಹೋಯಿತು. ಆ ಕೂಗಿನಿಂದ ಇವತ್ತಿನ ಚೀಟಿಗಳವರೆಗೆ ಕೆಲಸ ಒಂದೇ.

ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಧಾಟಿ, ಸಾಹಿತ್ಯ, ಅಚ್ಚು ಮೂರನ್ನೂ ಬೇರೆ ಬೇರೆ ಇಡುತ್ತದೆ. ಅಚ್ಚಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಧಾಟಿ, ಸಾಹಿತ್ಯದ ಹಕ್ಕು ಅದನ್ನು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ. ಜನ ಇದನ್ನು ಬೆರೆಸಿಬಿಡುತ್ತಾರೆ, ಅದರಿಂದಲೇ ಅರ್ಧ ಜಗಳ.

ಈಗ ಹುಡುಗರು ರೀಲ್ಸಿಗೆ ಹಳೆಯ ಪ್ರೇಮಗೀತೆಯನ್ನು ನಿಧಾನ ಮಾಡಿ, ಗುಹೆಯಲ್ಲಿ ಹಾಡಿದ ಹಾಗೆ ಪ್ರತಿಧ್ವನಿ ಸೇರಿಸಿ ಹಾಕುತ್ತಾರೆ. ಕೆಲವರು ಮಾಡುವುದು ಹಿತಕ್ಕೆ, ಕೆಲವರು ಯಂತ್ರದ ಕಣ್ಣಿಗೆ ಬೀಳಬಾರದು ಅಂತ. ಮೋಟಾರು ನಿಧಾನವಾಗಿ ಅಮ್ಮನ ಟೇಪಿನಲ್ಲಿ ಆದದ್ದೂ ಇದೇ, ದಿಕ್ಕು ಮಾತ್ರ ಉಲ್ಟಾ. ಯಂತ್ರಗಳೂ ಕಲಿಯುತ್ತಿವೆ. ವೇಗ ಬದಲಾದರೂ ಹಿಡಿಯುವ ಲೆಕ್ಕಗಳು ಬಂದಿವೆ. 2020ರಲ್ಲಿ ಗೂಗಲ್, ಬರಿದೇ ಗುನುಗಿದರೂ ಹಾಡು ಹುಡುಕುವ ಸೌಲಭ್ಯ ತಂದಿತು. ಅದು ಅಚ್ಚು ಬಿಟ್ಟು ಸ್ವರದ ಏರಿಳಿತ ನೋಡುತ್ತದೆ. ಮಟ್ಟು ಹಿಡಿಯಲು ಹೊರಟಿದೆ ಅನ್ನಿ.

ಅಕ್ಕನ ಮಗನಿಗೆ ಇಷ್ಟು ಹೇಳುವಷ್ಟರಲ್ಲಿ ಅವನು ಲ್ಯಾಪ್‌ಟಾಪ್ ತೆಗೆದಿದ್ದ. ಅಮ್ಮ ಹೇಳಿದ ಹೆಸರಿನಿಂದ ಮೂಲ ಹಾಡುಗಳನ್ನು ತಂದು, ಟೇಪಿನ ಹಾಡನ್ನು ಅದಕ್ಕೆ ಸರಿಯಾಗುವವರೆಗೆ ನಿಧಾನ ಮಾಡುತ್ತ ಹೋದ. ನಾಲ್ಕನೆಯದು 4 ಶೇಕಡಾ ಇಳಿಸಿದಾಗ ಹೊಂದಿತು. ಫೋನ್ ಹಿಡಿದರೆ ಹೆಸರು ಬಂದೇ ಬಂತು! ಆಮೇಲೆ ಆರನ್ನೂ ಅಳೆದು ಕಾಗದದಲ್ಲಿ ಬರೆದ. ಮೊದಲನೆಯದು ಸರಿಯಾಗಿದೆ. ಎರಡನೆಯದು 1, ಮೂರನೆಯದು 2, ನಾಲ್ಕನೆಯದು 4, ಐದನೆಯದು 6 ಶೇಕಡಾ. ಚುಕ್ಕಿ ಇಟ್ಟು ಗೆರೆ ಎಳೆದ. ಆ ರಾತ್ರಿ ಅರ್ಧ ಗಂಟೆಯಲ್ಲಿ ಸೆಲ್ಲು ಹೇಗೆ ಸತ್ತಿತು ಅನ್ನುವುದರ ಗ್ರಾಫು ಅದು. ಟೇಪು ಹಾಡಿನ ಜೊತೆ ಸೆಲ್ಲನ್ನೂ ರೆಕಾರ್ಡ್ ಮಾಡಿತ್ತು.

ಆದರೆ ಆರನೆಯದು ಮತ್ತೆ ಸೊನ್ನೆ. ಗೆರೆ ಒಮ್ಮೆಲೇ ಕೆಳಗೆ ಬಿದ್ದಿತ್ತು.

"ಅಜ್ಜಿ, ಇಲ್ಲಿ ಕರೆಂಟು ಬಂತಾ?" ಅಂತ ಕೇಳಿದ.

ಅಮ್ಮ ಕಾಗದವನ್ನು ದೂರ ಹಿಡಿದು ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಕರೆಂಟಲ್ಲ. ನಿನ್ನ ಅಜ್ಜನ ಟಾರ್ಚಿನ ಸೆಲ್ಲು ತೆಗೆದು ಹಾಕಿದ್ದೆ. ಅವರು ಕತ್ತಲೆಯಲ್ಲಿ ತೋಟಕ್ಕೆ ಹೋಗಿ ಕೆಸರಲ್ಲಿ ಜಾರಿ ಬಿದ್ದು ಬಂದರು," ಅಂದರು. "ಬೈಲಿಲ್ಲ."